ತಿಪ್ಪೆಯಿಂದ ದಾಬಸ್‌ಪೇಟೆಯವರೆಗೆ

ಹೊಸಕೋಟೆ, ದೇವನಹಳ್ಳಿ ಸೀಮೆಯ ಒಕ್ಕಲುಮನೆಗಳಲ್ಲಿ ಕಸವೆಂಬುದು ಬಹುಕಾಲ ತಿಪ್ಪೆ ಸೇರಿ, ಕೊಳೆತು, ಮುಂಗಾರಿಗೆ ಮುನ್ನ ಗಾಡಿಯೇರಿ ರಾಗಿಯ ಹೊಲಕ್ಕೆ ಗೊಬ್ಬರವಾಗಿ ಮರಳುತ್ತಿದ್ದುದರಿಂದ, ಅದರ ವಿಲೇವಾರಿಗೆ ಪ್ರತ್ಯೇಕ ಶಾಸ್ತ್ರವೊಂದು ಬೇಕೆಂದು ಯಾರಿಗೂ ತೋರಲಿಲ್ಲ. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ರೂಢಿಯೂ, ಮನೆಯೊಳಗೆ ಸೆಲ್ಲು, ಟ್ಯೂಬ್‌ಲೈಟು, ಬಣ್ಣದ ಡಬ್ಬಿಗಳೂ ಬಂದ ಮೇಲೆಯೂ ತಿಪ್ಪೆ ಮಾತ್ರ ಹಳೆಯದೇ ಉಳಿದು, ಕೊಳೆಯದ ವಸ್ತು ಕೊಳೆಯುವುದರೊಡನೆ ಬೆರೆತು ಅದೇ ಹೊಲವನ್ನು ಸೇರಿತು.

ಶಾಸನದ ಗಮನ ಮೊದಮೊದಲು ಹರಿದುದು ಔಷಧಿ ಡಬ್ಬಿಗಳತ್ತ. ಬರಿದಾದ ಡಬ್ಬಿಯನ್ನು ಪುನಃ ಯಾರೂ ಬಳಸದಂತೆ ಒಡೆದು, ವಸತಿಯಿಂದ ದೂರದಲ್ಲಿ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿದುವು. ಆ ಕಾಲಕ್ಕೆ ಅದು ವಿವೇಕದ ಮಾತೇ. ಆದರೆ ಹೂಳುವುದು ವಿಷವನ್ನು ಮಣ್ಣಿನ ವಶಕ್ಕೆ ಒಪ್ಪಿಸುತ್ತದೆಯೇ ಹೊರತು ನಿವಾರಿಸುವುದಿಲ್ಲ, ಮತ್ತು ಕೊಳವೆಬಾವಿಯನ್ನೇ ನಂಬಿದ ಈ ಸೀಮೆಗೆ ಆ ಭೇದ ಅಲ್ಪವಾದುದಲ್ಲ.

1984ರ ಭೋಪಾಲ ದುರಂತದ ತರುವಾಯ 1986ರ ಪರಿಸರ ಸಂರಕ್ಷಣಾ ಕಾಯಿದೆಯೂ 1989ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ ಬಂದುವಾದರೂ, ಅವುಗಳ ದೃಷ್ಟಿ ಕಾರ್ಖಾನೆಯ ಗೇಟನ್ನು ದಾಟಿ ಮನೆಯಂಗಳಕ್ಕೆ ಬರಲಿಲ್ಲ. ಅವುಗಳ ಫಲವಾಗಿ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ, ಕೈಗಾರಿಕೆಗಳ ವಿಷತ್ಯಾಜ್ಯವನ್ನು ಸಂಸ್ಕರಿಸಿ, ಜೇಡಿಮಣ್ಣು ಹಾಗೂ ದಪ್ಪ ಪ್ಲಾಸ್ಟಿಕ್ ಹಾಳೆಗಳ ಪದರದ ಮೇಲೆ, ಒಸರುವ ರಸ ಅಂತರ್ಜಲಕ್ಕೆ ಇಳಿಯದಂತೆ ಇರಿಸುವ ಸ್ಥಾವರವೊಂದು ಎದ್ದಿತು. ಅದೇ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಪಿ. ಪಾರ್ಥಸಾರಥಿಯವರ ಇ-ಪರಿಸರ ಸಂಸ್ಥೆ, ದೇಶದಲ್ಲೇ ಮೊದಲ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಮರುಬಳಕೆ ಘಟಕವಾಗಿ ಕೆಲಸಕ್ಕೆ ತೊಡಗಿತು. ಗುಜರಿಯಲ್ಲಿ ತಂತಿಯನ್ನು ಸುಟ್ಟು ತಾಮ್ರ ತೆಗೆಯುವಾಗ ಏಳುವ ಕಪ್ಪು ಹೊಗೆಯನ್ನು ಕಂಡವರಿಗೆ, ಯಂತ್ರವನ್ನು ಕೈಯಿಂದಲೇ ಬಿಚ್ಚಿ ಲೋಹ, ಗಾಜು, ಪ್ಲಾಸ್ಟಿಕ್ಕುಗಳನ್ನು ಬೇರ್ಪಡಿಸುವ ಇಂತಹ ಕ್ರಮದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಬ್ಯಾಟರಿಯನ್ನು ವ್ಯಾಪಾರಿಯು ಹಿಂದಕ್ಕೆ ಪಡೆಯಬೇಕೆಂಬ 2001ರ ನಿಯಮ ಒಂದು ಸತ್ಯವನ್ನು ಹೊರಗೆಡಹಿತು. ಸೀಸಕ್ಕೆ ಬೆಲೆಯಿರುವುದರಿಂದ ಟ್ರ್ಯಾಕ್ಟರಿನ ಬ್ಯಾಟರಿ ತಿಪ್ಪೆಗೆ ಬೀಳುವುದೇ ಅಪರೂಪ. ಕೆಲವೇ ಮಿಲಿಗ್ರಾಂ ಪಾದರಸವುಳ್ಳ ಸಿಎಫ್‌ಎಲ್ ದೀಪಕ್ಕಾಗಲಿ, ಅವಧಿ ಮೀರಿದ ಮಾತ್ರೆಗಾಗಲಿ, ಇನ್ಸುಲಿನ್ ಸೂಜಿಗಾಗಲಿ ಕೊಳ್ಳುವವರೇ ಇಲ್ಲ. ಬೆಲೆಯಿಲ್ಲದ ವಿಷಕ್ಕೆ ಹೊಣೆಗಾರನನ್ನು ಗೊತ್ತುಮಾಡುವುದೇ ಈ ಕ್ಷೇತ್ರದ ಮುಂದಿನ ಚರಿತ್ರೆಯೆನ್ನಬಹುದು. 2012ರಲ್ಲಿ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಆ ಹೊಣೆಯನ್ನು ತಯಾರಕನ ಮೇಲಿರಿಸಿದುವು. 2016ರಲ್ಲಿ ಪಾದರಸದ ದೀಪಗಳೂ ಅವುಗಳ ವ್ಯಾಪ್ತಿಗೆ ಸೇರಿದುವು. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯವನ್ನು ಪ್ರತ್ಯೇಕವಾಗಿ ಹೆಸರಿಸಿ, ಇಪ್ಪತ್ತು ಚದರ ಕಿಲೋಮೀಟರಿಗೊಂದು ಸಂಗ್ರಹ ಕೇಂದ್ರವಿರಬೇಕೆಂದುವು. 2022ರ ಬ್ಯಾಟರಿ ನಿಯಮಗಳು ಸಣ್ಣ ಸೆಲ್ಲನ್ನೂ ಬಿಡಲಿಲ್ಲ.

ಇಂದು ಗ್ರಾಮ ಪಂಚಾಯಿತಿಯ ಸ್ವಚ್ಛವಾಹಿನಿ ಬೀದಿಗೆ ಬರುತ್ತದೆ. ಅದು ತಂದ ಒಣಕಸವನ್ನು ಸ್ವಚ್ಛ ಸಂಕೀರ್ಣದಲ್ಲಿ ಸ್ವಸಹಾಯ ಸಂಘದ ಹೆಂಗಸರು ವಿಂಗಡಿಸುತ್ತಾರೆ. ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿ, ಒಡೆದ ದೀಪದ ಚೂರನ್ನು ಪೊರಕೆಯಿಂದ ಗುಡಿಸದೆ ರಟ್ಟಿನಿಂದ ಬಾಚಿ ಮುಚ್ಚಳದ ಸೀಸೆಗೆ ತುಂಬಿಸಿ, ಗುರುತು ಹಚ್ಚಿ ಕೊಡುವುದು ಆ ಹೆಂಗಸರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಋಣ. ಸಂಕೀರ್ಣದಲ್ಲಿ ಇವಕ್ಕೆಂದು ಬೀಗದ ಕೋಣೆಯೊಂದೂ, ತಿಂಗಳಿಗೊಮ್ಮೆ ಬರುವ ಲಾರಿಯೊಂದೂ ಇದ್ದಲ್ಲಿ, ಹೊಸಕೋಟೆಯಿಂದ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಮೂಲಕ ದಾಬಸ್‌ಪೇಟೆಯನ್ನು ಮುಟ್ಟುವ ರಾಷ್ಟ್ರೀಯ ಹೆದ್ದಾರಿ ಆಗಲೇ ಸಿದ್ಧವಾಗಿದೆ.