ಕೂಲಿಮಠದ ಐಗಳು ಸರ್ಕಾರಿ ಮೇಷ್ಟರಾದದ್ದು

ಮೂಡಿಗೆರೆ ಸೀಮೆಯ ದೇವರಮನೆ ಗುಡ್ಡ ಹತ್ತಿದರೆ ಕಾಣುವುದು ಹುಲ್ಲುಗಾವಲು, ಕಣಿವೆಯ ಕಾಡು, ಕಾಲಭೈರವೇಶ್ವರನ ಗುಡಿ. ಮಳೆಗಾಲವಾದರೆ ಬರಿಯ ಮಂಜು. ಬಯಲುಸೀಮೆಯಂತೆ ಇಲ್ಲಿ ಊರಿನ ಮನೆಗಳೆಲ್ಲ ಒಂದೆಡೆ ಸೇರಿಲ್ಲ. ಗದ್ದೆಯಂಚಿಗೊಂದು, ಕಾಫಿ ತೋಟದೊಳಗೊಂದು ಒಂಟಿಮನೆ. ಇಂಥ ಕಡೆ ಮಕ್ಕಳಿಗೆ ಅಕ್ಷರ ಕಲಿಸುವವರು ಯಾರು? ಮೇಷ್ಟರ ಕೆಲಸಕ್ಕೆಂದೇ ಓದಿ ಪಾಸಾದವರಿಗಾಗಿ ಕಾದಿದ್ದರೆ ಮಲೆನಾಡಿನ ಹಲವು ತಲೆಮಾರುಗಳು ಹೆಬ್ಬೆಟ್ಟೊತ್ತುತ್ತಲೇ ಕಾಲ ಕಳೆಯಬೇಕಾಗಿತ್ತು.

ಕಾಯದವರು ಐಗಳ ಬಳಿ ಕಲಿತರು. ಅನುಕೂಲಸ್ಥರ ಮನೆಯ ಜಗಲಿಯೋ ಉಪ್ಪರಿಗೆಯೋ ಶಾಲೆಯಾಗುತ್ತಿತ್ತು. ಐಗಳಲ್ಲಿ ಘಟ್ಟದ ಕೆಳಗಿನಿಂದ ಬಂದವರೂ ಇದ್ದರು. ಕುಪ್ಪಳಿಯ ಮನೆಯಲ್ಲಿ ಬಾಲಕ ಕುವೆಂಪು ಅವರಿಗೆ ಪಾಠ ಹೇಳಿದ್ದು ದಕ್ಷಿಣ ಕನ್ನಡದಿಂದ ಬಂದ ಮೇಷ್ಟರು. ಬಯಲಿನ ಊರುಗಳಲ್ಲಿ ಇದೇ ಕೆಲಸವನ್ನು ಕೂಲಿಮಠಗಳು ಮಾಡುತ್ತಿದ್ದವು. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಮಗ್ಗಿ ಬಾಯಿಪಾಠ ಮಾಡಿಸುವುದು ಅಲ್ಲಿನ ಕ್ರಮ. ಸಂಬಳ ಕಾಸಿನ ರೂಪದಲ್ಲೋ ದವಸದ ರೂಪದಲ್ಲೋ ಬರುತ್ತಿತ್ತು. ಕಲಿಸಲು ಬರುತ್ತದೆಯೇ ಎಂಬುದನ್ನು ಊರವರೇ ನೋಡಿ ತೀರ್ಮಾನಿಸುತ್ತಿದ್ದರು, ಪ್ರಮಾಣಪತ್ರ ಕೇಳುವವರಿರಲಿಲ್ಲ.

ಕೇಳುವ ಕಾಲ ಬಂದದ್ದು ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿ. 1868ರಲ್ಲಿ ಮೈಸೂರು ಸೀಮೆಗೆ ಹೋಬಳಿ ಶಾಲೆಗಳ ಯೋಜನೆ ಬಂತು. ಅದನ್ನು ರೂಪಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ, ಮುಂದೆ ಶಾಸನಗಳ ಸಂಪಾದನೆಯಿಂದ ಹೆಸರಾದ ಬಿ.ಎಲ್. ರೈಸ್. ಆಗ ಅವರು ಶಿಕ್ಷಣ ಇಲಾಖೆಯಲ್ಲಿದ್ದರು. ಹೋಬಳಿಗೊಂದು ಶಾಲೆ, ಕಟ್ಟಡ ಊರವರದು, ಮೇಷ್ಟರ ಸಂಬಳ ಸರ್ಕಾರದ್ದು ಎಂಬುದು ಯೋಜನೆಯ ತಿರುಳು. ಅಷ್ಟೊಂದು ಮೇಷ್ಟರನ್ನು ತರುವುದೆಲ್ಲಿಂದ? ರೈಸ್ ಕಣ್ಣು ಹಾಯಿಸಿದ್ದು ಕೂಲಿಮಠಗಳತ್ತ. ಅಲ್ಲಿನ ಯೋಗ್ಯ ಐಗಳನ್ನು ಆರಿಸಿ, ತರಬೇತಿಯ ನಾರ್ಮಲ್ ಶಾಲೆಗೆ ಕರೆಸಿ, ಕಲಿಯುವಷ್ಟು ಕಾಲ ವೇತನ ಕೊಟ್ಟು, ಪಾಸಾದವರನ್ನು ಹೋಬಳಿ ಶಾಲೆಗೆ ನೇಮಿಸುವುದೆಂದಾಯಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಕಲಿಯುವ ಅವಧಿಯಲ್ಲಿ ಐಗಳ ಸಂಸಾರ ಉಪವಾಸ ಬೀಳಲಿಲ್ಲ. ಕಲಿತು ಬಂದವನಿಗೆ ಕೆಲಸ ಕಾದಿತ್ತು. ಬೇರೆ ವೃತ್ತಿಯವರನ್ನು ತರಗತಿಗೆ ಬಿಟ್ಟು, ಪಾಠ ಮಾಡುತ್ತಲೇ ತರಬೇತಿ ಕೊಡುವ ಬದಲಿ ದಾರಿಯನ್ನು ಅಮೆರಿಕದ ನ್ಯೂಜೆರ್ಸಿ ರಾಜ್ಯ 1985ರಲ್ಲಿ ತೆರೆದಾಗ ಅದು ಹೊಸತೆನಿಸಿತ್ತು. ಮೊದಲೇ ಕಲಿಸಬಲ್ಲವನಿಗೆ ಆಮೇಲೆ ಅರ್ಹತೆ ಕೊಡಿಸುವ ಯೋಚನೆ ಮೈಸೂರಿನಲ್ಲಿ ಅದಕ್ಕಿಂತ ನೂರು ವರ್ಷಕ್ಕೂ ಹಳೆಯದು.

ಇಪ್ಪತ್ತನೆಯ ಶತಮಾನದಲ್ಲಿ ಟಿ.ಸಿ.ಎಚ್., ಬಿ.ಇಡಿ. ಪದವಿಗಳು ಬಂದು ಈ ದಾರಿ ಕಿರಿದಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಶಿಕ್ಷಕರಿಗೆ ನಿಗದಿತ ಅರ್ಹತೆಯನ್ನು ಕಡ್ಡಾಯ ಮಾಡಿತು. ತರಬೇತಿಯಿಲ್ಲದೆ ಆಗಲೇ ಪಾಠ ಮಾಡುತ್ತಿದ್ದವರಿಗಾಗಿ 2017ರಲ್ಲಿ ಗಡುವನ್ನು 2019ರ ಮಾರ್ಚ್ 31ರವರೆಗೆ ಮುಂದೂಡಲಾಯಿತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ 18 ತಿಂಗಳ ಡಿಪ್ಲೊಮಾಕ್ಕೆ ದೇಶದಾದ್ಯಂತ 12 ಲಕ್ಷಕ್ಕೂ ಹೆಚ್ಚು ಶಿಕ್ಷಕರು ಸೇರಿದರು.

ಆದರೆ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೊಸ ನೇಮಕಾತಿಯಲ್ಲಿ ಇದು ಎರಡು ವರ್ಷದ ಡಿಪ್ಲೊಮಾಕ್ಕೆ ಸಮವಲ್ಲವೆಂದಿತು. 2017ರ ಆಗಸ್ಟ್ 10ರಂದು ಕೆಲಸದಲ್ಲಿದ್ದು, ಗಡುವಿನೊಳಗೆ ಮುಗಿಸಿದವರ ಡಿಪ್ಲೊಮಾ ಸಿಂಧುವೆಂದು 2024ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಅಲ್ಲಿಯವರೆಗೆ ಕೈಯಲ್ಲಿ ಕಾಗದವಿದ್ದೂ ಅದಕ್ಕೆ ಬೆಲೆಯುಂಟೇ ಎಂದು ತಿಳಿಯದೆ ಅವರು ದಿನ ದೂಡಬೇಕಾಯಿತು.

ಮಕ್ಕಳಿಗೆ ತರಬೇತಾದ ಮೇಷ್ಟರು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ರೈಸ್ ಅವರೂ ಐಗಳನ್ನು ಇದ್ದ ಹಾಗೆಯೇ ಒಪ್ಪಿರಲಿಲ್ಲ. ಕರೆದು ಕಲಿಸುವ ಮೊದಲೇ, ಕಲಿತವನು ಎಲ್ಲಿಗೆ ಹೋಗಬೇಕೆಂಬುದನ್ನು ಗೊತ್ತುಮಾಡಿದ್ದರು, ಅಷ್ಟೆ.