ಮೀನುಮರಿಯ ಹಿಂದಿನ ಕಥೆ

ವಿದ್ವಾಂಸರ ಮೀನು ಕಾಗದದಲ್ಲೇ ಈಜುತ್ತದೆ ಎಂದು ನೀವು ನಗಬಹುದು. ತುಸು ಕೇಳ್ರಿ.

1800ರಲ್ಲಿ ಮೈಸೂರು ಸೀಮೆ ಸುತ್ತಿದ ವೈದ್ಯ ಬುಕಾನನ್ ಹ್ಯಾಮಿಲ್ಟನ್, 1822ರಲ್ಲಿ ಗಂಗೆಯ ಮೀನುಗಳ ಗ್ರಂಥ ಬರೆದು ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಶಾಸ್ತ್ರದ ಹೆಸರಿಟ್ಟರು. ಆದರೆ ಈ ಗೆಂಡೆಗಳು ನಿಂತ ನೀರಿನಲ್ಲಿ ತತ್ತಿಯಿಡವು. ಮರಿಯನ್ನು ಹೊಳೆಯಿಂದಲೇ ಹಿಡಿದು ತರಬೇಕಿತ್ತು. ಜೊತೆಗೆ ಮರಿ ನುಂಗುವ ಮೀನೂ ಬರುತ್ತಿತ್ತು. ರೊಕ್ಕ ಹಾಕಿದವನಿಗೆ ನಷ್ಟ.

1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಅವರು ಮೀನಿನ ಮಿದುಳಿನ ಬುಡದ ಗ್ರಂಥಿಯ ರಸವನ್ನು ಚುಚ್ಚಿ, ಗೆಂಡೆಗಳಿಂದ ಸಾಕಿದಲ್ಲಿಯೇ ತತ್ತಿ ಇಡಿಸಿದರು.

ಇಂದು ಸಂಶೋಧನೆಯ ಬೆಲೆಯನ್ನು ಲೇಖನಗಳ ಎಣಿಕೆಯಿಂದ, ಅವನ್ನು ಹೆಸರಿಸಿದವರ ಎಣಿಕೆಯಿಂದ ಕಟ್ಟುವರು. ಆ ಲೆಕ್ಕ ಅವರಿಗಿರಲಿ. ನಮ್ಮ ಅಳತೆ ಬಲೆಯ ತೂಕ. ಮರಿಯ ಜಾತಿ ಕೇಳಿ, ಬೆರಕೆ ನೋಡಿ ಕೊಳ್ಳಿರಿ.