ಗದುಗಿನ ಪುಣ್ಯಾಶ್ರಮ

ಸಂಗೀತ ಶಾಲೆ ಎಂದರೆ ನಮ್ಮಲ್ಲಿ ಹಲವರಿಗೆ ಮೈಸೂರು, ಧಾರವಾಡಗಳೇ ನೆನಪಾಗುತ್ತವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯ ನಮ್ಮ ಮಕ್ಕಳಿಗೂ ತಿಳಿದಿರಲಿ ಎಂದು ಈ ನಾಲ್ಕು ಮಾತು.

ಇದಕ್ಕೆ ಮೂಲಪುರುಷರು ಪಂಚಾಕ್ಷರಿ ಗವಾಯಿಗಳು (1892-1944). ಹುಟ್ಟಿನಿಂದಲೇ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಕಂಠವನ್ನು ಗುರುತಿಸಿ ಪಾಠಕ್ಕೆ ಏರ್ಪಾಡು ಮಾಡಿದರು. ಕರ್ನಾಟಕಿ, ಹಿಂದುಸ್ತಾನಿ ಎರಡನ್ನೂ ಕಲಿತರು. ಕಣ್ಣಿಲ್ಲದ ಬಡ ಮಗುವಿಗೆ ಭಿಕ್ಷೆಯೊಂದೇ ಗತಿ ಎನ್ನುವ ಕಾಲವದು. ಗವಾಯಿಗಳು ಅಂಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದರು. ಗದುಗಿನಲ್ಲಿ ನೆಲೆ ಸಿಕ್ಕಿದ್ದು ಆಮೇಲೆ. ಫೀಜು ಇಲ್ಲ, ಊಟ ವಸತಿಯೂ ಉಚಿತ. ಹಣಕ್ಕೆ? ಭಕ್ತರ ಕಾಣಿಕೆಯ ಜೊತೆಗೆ ನಾಟಕ ಕಂಪನಿ ನಡೆಸಿದರು. (ಹಾಲ್ ಬಾಡಿಗೆಗೇ ಪರದಾಡುವ ನಮಗೆ ಇದರ ಕಷ್ಟ ಚೆನ್ನಾಗಿ ಗೊತ್ತು!)

ಅವರ ನಂತರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010), ಇವರೂ ಅಂಧರೇ, ಆರು ದಶಕಕ್ಕೂ ಮಿಕ್ಕಿ ಆಶ್ರಮ ನಡೆಸಿದರು. ಹಾರ್ಮೋನಿಯಂ, ಸಾರಂಗಿ, ಪಿಟೀಲು ನುಡಿಸಿದರು, ನಾಟಕಗಳನ್ನು ಬರೆದರು. 2010ರಲ್ಲಿ ಪದ್ಮಭೂಷಣ ಬಂತು.

ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ವೆಂಕಟೇಶ ಕುಮಾರ್ ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತವರು. ಆದರೆ ನಮ್ಮ ಲೆಕ್ಕದಲ್ಲಿ ಇನ್ನೂ ದೊಡ್ಡದು ಹೆಸರು ಮಾಡದವರ ಸಾಲು: ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿ, ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ, ತಬಲಾ ಸಾಥಿಯಾಗಿ ದುಡಿದು ತಮ್ಮ ಸಂಸಾರವನ್ನು ತಾವೇ ಸಾಕಿದ ಅಂಧರು.

ಊರಿಗೆ ಹೋದಾಗ ನೋಡಿ ಬನ್ನಿ. ಹುಬ್ಬಳ್ಳಿಯಿಂದ ಹೆಚ್ಚು ದೂರವಿಲ್ಲ, ರೈಲೂ ಇದೆ.